ತುಂಗಾಬಾಯಿ ಬಿಟ್ಟ ಕೆಂಪು ಬಾಳೆ

ನಮ್ಮತ್ತೆ ತುಂಗಾಬಾಯಿ ಕಮಲಾಪುರದ ಮಗಳು, ಕಲಬುರಗಿಯ ಸೊಸೆ. ಕಮಲಾಪುರದ ಕೆಂಪು ಬಾಳೆಯೆಂದರೆ ಆಕೆಗೆ ಜೀವ. ನೆಟ್ಟು ಒಂದೂವರೆ ವರ್ಷ ಕಾದರೆ ಗೊನೆ ಬಿಡುವ ಹಳೇ ತಳಿ ಅದು. ಆಕೆಯ ಅಪ್ಪ ನೆಟ್ಟ ತೋಟ. ಶ್ರಾವಣ ಬಂದರೆ ಸಾಕು, ತವರಿಗೆ ಹೊರಟೇಬಿಡುತ್ತಿದ್ದರು.

ಎಂಬತ್ತಾರನೇ ಇಸವಿಯಲ್ಲಿ ಅಲ್ಲಿ ನಾವೆಲ್ಲರೂ ಊಟಕ್ಕೆ ಕೂತಾಗ ಅವರ ಅಣ್ಣನ ಹೆಂಡತಿ, ವೈನಿ ಮಥುರಾಬಾಯಿ, "ತುಂಗಾ ಬರೋದು ನಮ್ಮನ್ನ ನೋಡ್ಲಿಕ್ಕಲ್ಲ, ಬಾಳೆಹಣ್ಣಿನ ಆಸೆಗೆ" ಅಂದುಬಿಟ್ಟರು. ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಆಮೇಲೆ ಎರಡು ವರ್ಷ ತವರಿನ ಹೆಸರೆತ್ತಿದರೆ ಮೊಣಕಾಲು ನೋವು ಅನ್ನುತ್ತಿದ್ದರು.

ಎಂಬತ್ತೆಂಟರಲ್ಲಿ ಕಾಶಿಗೆ ಹೋದೆವು. ಅಲ್ಲಿ ಪ್ರೀತಿಯದೊಂದು ಹಣ್ಣು, ಒಂದು ಕಾಯಿಪಲ್ಯ ಜನ್ಮಪೂರ್ತಿ ಬಿಡಬೇಕಲ್ಲ! ನಮ್ಮವರು ಬಲು ಶಾಣ್ಯಾರು. ಮಾವ ಸೇಬು ಬಿಟ್ಟರು. ನಮ್ಮನೆಗೆ ಸೇಬು ಬಂದದ್ದೇ ಯಾವಾಗ? ನಾನು ಮೊದಲಿಂದಲೂ ಮುಟ್ಟದ ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಂಡೆ.

"ನೀನೂ ಸೇಬೇ ಅನ್ನು" ಎಂದು ಮಾವ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದರು.

ಅತ್ತೆ ಗಂಗೆಯಲ್ಲಿ ನಿಂತು, "ಕಮಲಾಪುರದ ಕೆಂಪು ಬಾಳೆಹಣ್ಣು ಬಿಟ್ಟೆ" ಅಂದರು.

"ಹುಚ್ಚುಗಿಚ್ಚು ಹಿಡದದೇನ? ಬ್ಯಾರೆ ಹಣ್ಣು ಸಿಗಲಿಲ್ಲೇನ ನಿನಗ?" ಎಂದು ಮಾವ ಕೂಗಿದರು. ಅತ್ತೆ ಮೂರು ಸಲ ಮುಳುಗಿ ಎದ್ದು ಸೀರೆ ಹಿಂಡಿಕೊಂಡರು. ಆಡಿದ ಮಾತು ಆಡಿಯಾಗಿತ್ತು.

ಊರಿಗೆ ಬಂದ ಮೂರನೇ ದಿನವೇ ಗಂಗೆಯ ಗಿಂಡಿ ಹಿಡಿದು, ನನ್ನನ್ನೂ ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದರು. ಮೊಣಕಾಲು ನೋವಿನ ಸುದ್ದಿಯೇ ಇಲ್ಲ.

ಮಥುರಾಬಾಯಿ ಸಂಭ್ರಮದಿಂದ ತಾಟಿನಲ್ಲಿ ನಾಲ್ಕು ಹಣ್ಣು ತಂದಿಟ್ಟರು. ಪಡಸಾಲೆಯೆಲ್ಲ ಘಮಘಮ. ಅತ್ತೆ ತಾಟನ್ನು ಮೆಲ್ಲಗೆ ಸರಿಸಿದರು.

"ಇದನ್ನ ಕಾಶಿಯೊಳಗ ಬಿಟ್ಟು ಬಂದೀನಿ, ವೈನಿ. ಇನ್ನ ನಾ ಬಂದ್ರ ನಿಮ್ಮನ್ನ ನೋಡ್ಲಿಕ್ಕೇ ಬಂದೀನಿ ಅಂತ ತಿಳೀರಿ."

ಮಥುರಾಬಾಯಿ ತಾಟಿನ ಪಕ್ಕ ಕೂತುಬಿಟ್ಟರು. "ಅಯ್ಯ ನನ್ನವ್ವಾ! ನಗಿಚಾಷ್ಟಿಗೆ ಅಂದಿದ್ನಲ್ಲ ತುಂಗಾ! ಅಷ್ಟಕ್ಕ ಹಿಂಗ ಮಾಡ್ಕೊಂಡ್ಯಾ?"

"ಚಾಷ್ಟಿ ಅಂತ ನನಗೂ ಗೊತ್ತದರೀ" ಅಂದರು ಅತ್ತೆ. "ಆದ್ರ ಎರಡು ವರ್ಷ ನಾ ಈ ಕಡೆ ತಲಿ ಹಾಕಲಿಲ್ಲ. ಯಾಕ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ."

ನಾನು ನೆಲ ನೋಡಿದೆ. ದಿನಾ ಒಂದೇ ಒಲೆ ಮುಂದೆ ಆಕೆಯ ಜೊತೆ ಕೂತವಳು, ನಾನೂ ಕೇಳಿರಲಿಲ್ಲ.