ಶರಣಪ್ಪ ಕಾಕಾನ ಕೊನೆಯ ಓವರು

ಸೇಡಂ ಬಜಾರಿನ ಗಾಣದಂಗಡಿಯ ಮುಂದೆ ಹಾಯುವಾಗ ಅಗಸಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ನನ್ನನ್ನು ಅದು ಶಹಾಬಾದಿನ ನಮ್ಮ ಮನೆಯ ಪಡಸಾಲೆಗೆ ಕರೆದೊಯ್ಯುತ್ತದೆ. ನೆಲವೂ ಫರಸಿ ಕಲ್ಲು, ಮಾಡೂ ಫರಸಿ ಕಲ್ಲು. ಬೇಸಿಗೆಯ ಮಧ್ಯಾಹ್ನ ಆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದರೆ ಬಾವಿ ನೀರಿನ ತಂಪು. ಒಂದು ಮೂಲೆಯಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ರೊಟ್ಟಿ ಜೊತೆಗೆ ತಿನ್ನುವ ಅಗಸಿ ಹಿಂಡಿ ಕುಟ್ಟುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ ಶರಣಪ್ಪ ಕಾಕಾ ತಮ್ಮ ಒಂದೇ ಒಂದು ಬ್ಯಾಟಿಗೆ ಅಗಸಿ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದರು.

ಕಾಕಾ ನಮಗೆ ನೆಂಟರೇನಲ್ಲ. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಕಲ್ಲಿಗೆ ಪಾಲಿಶ್ ಮಾಡುವ ಕೆಲಸ. ಸಂಜೆ ಹುಬ್ಬಿಗೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು ಬಂದು, ಮುಖ ತೊಳೆದು, ಆಯಿ ಕೊಟ್ಟ ಚಹಾ ನಿಂತಲ್ಲೇ ಕುಡಿದು ಮನೆ ಹಿಂದಿನ ಮೈದಾನಕ್ಕೆ ಹೋಗುತ್ತಿದ್ದರು. ಊರಿನ ತಂಡದ ವೇಗದ ಬೌಲರ್ ಅವರು. ಹಿತ್ತಲ ಗೋಡೆಯ ಮೇಲೆ ಕೂತು ನಾನು ನೋಡುತ್ತಿದ್ದೆ. ದೂರದಿಂದ ಸಣ್ಣ ಹೆಜ್ಜೆಯಲ್ಲಿ ಹೊರಟ ಓಟ ಬರಬರುತ್ತ ಉದ್ದವಾಗಿ, ಕೊನೆಗೆ ಮೈಯೆಲ್ಲ ಒಂದು ಕ್ಷಣ ಗಾಳಿಯಲ್ಲಿ ನಿಂತಂತೆ ಆಗುತ್ತಿತ್ತು. ಅಷ್ಟು ಚೆಂದದ್ದನ್ನು ಹನ್ನೊಂದು ವರ್ಷದ ನಾನು ಬೇರೆಲ್ಲೂ ಕಂಡಿರಲಿಲ್ಲ.

ಒಂದು ಸಂಜೆ ಗೋಡೆ ಜಿಗಿದು ಹೋಗಿ, "ಕಾಕಾ, ನನಗೂ ಒಂದು ಬಾಲ್ ಹಾಕ್ರಿ" ಎಂದೆ. ಉಳಿದವರು ನಕ್ಕರು. ಕಾಕಾ ನಗಲಿಲ್ಲ. ಟೆನಿಸ್ ಚೆಂಡು ಕೈಗೆತ್ತಿಕೊಂಡು, ಎಂದಿನಷ್ಟೇ ದೂರ ಹಿಂದಕ್ಕೆ ನಡೆದು, ಎಂದಿನಂತೆಯೇ ಓಡಿಬಂದು ಹಾಕಿದರು. ಚೆಂಡು ನನಗೆ ಕಾಣಲೇ ಇಲ್ಲ. ಕಾಲಿನ ಹೆಬ್ಬೆರಳಿಗೆ ಬಡಿದಾಗ ಮಾತ್ರ ತಿಳಿಯಿತು. ಅಳುತ್ತ ಮನೆಗೆ ಬಂದೆ. ಮಣ್ಣಿನ ರಂಜಣಗಿಯ ತಣ್ಣೀರು ಬಕೆಟ್ಟಿಗೆ ಸುರಿದು ನನ್ನ ಪಾದ ಅದ್ದಿಸಿದ ಆಯಿ, ಹಿಂದೆಯೇ ಬಂದ ಕಾಕಾನ ಮೇಲೆ ಹರಿಹಾಯ್ದಳು.

"ಏನೋ ಶರಣಪ್ಪಾ, ಹೆಣ್ಣ ಕೂಸಿಗೆ ಹಂಗ ಹಾಕ್ತಾರೇನೋ? ಮೆಲ್ಲಕ ಹಾಕಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಕಾಕಾ ಹೊಸ್ತಿಲ ಹೊರಗೇ ನಿಂತರು. "ತಪ್ಪಾತ್ರೀ ಆಯಿ, ಪೆಟ್ಟಾದದ್ದು ಭಾಳ ತಪ್ಪಾತು. ಆದ್ರ ಮೆಲ್ಲಕ ಹೆಂಗ ಹಾಕ್ಲಿ? ಈಕಿ ಆಡ್ಲಿಕ್ಕ ಬಂದಾಳ, ಆಡಿಸಿಕೊಳ್ಳಲಿಕ್ಕಲ್ಲ."

ಆಯಿ ಸೆರಗಿನಿಂದ ನನ್ನ ಪಾದ ಒರೆಸಿದಳು. ಮರುದಿನ ತಾನೇ ನನ್ನ ಲಂಗದ ಬದಲು ಅಣ್ಣನ ಹಳೆ ಪ್ಯಾಂಟು ತೆಗೆದುಕೊಟ್ಟಳು. ಅಂದಿನಿಂದ ದಿನಕ್ಕೆ ಆರು ಚೆಂಡು, ಒಂದೂ ಮೆಲ್ಲಗಲ್ಲ. ಎಷ್ಟೋ ದಿನಗಳ ಮೇಲೆ ಒಂದು ಚೆಂಡು ಬ್ಯಾಟಿನ ನಡುವಿಗೇ ತಾಗಿತು. ಕಾಕಾ ಚಪ್ಪಾಳೆ ತಟ್ಟಲಿಲ್ಲ. "ಈಗ ಚೆಂಡು ನೋಡ್ಲಿಕತ್ತಿ ನೋಡು" ಎಂದಷ್ಟೇ ಹೇಳಿ ಮತ್ತೆ ಹಿಂದಕ್ಕೆ ನಡೆದರು.

ನಾನು ಸೇಡಂ ಹತ್ತಿರದ ಮುಧೋಳದ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದೆ. ಆಯಿ ಹೋದಳು, ಅಪ್ಪ ಹೋದರು. ಮನೆ ಮಾರಿದೆವು; ಅಲ್ಲೀಗ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಕಾಕಾ ಮಾತ್ರ ಆಡುತ್ತಲೇ ಇದ್ದರು. ಹೋದ ಚಳಿಗಾಲದಲ್ಲಿ ಅವರ ಫೋನು ಬಂತು: "ಸುಧಾ, ಮೊಣಕಾಲು ಸಾಕಂತದವಾ. ಐತವಾರ ಚಿತ್ತಾಪುರದಾಗ ವಾಡಿಯವರ ಜೋಡಿ ಕಡೀ ಮ್ಯಾಚು. ಅಂಪೈರ್ ನೀನೇ ನಿಂದರಬೇಕು. ಎರಡೂ ಟೀಮಿನವರು ಹ್ಞೂಂ ಅಂದಾರ."

ಆ ಐತವಾರ ತಮ್ಮ ಕೊನೆಯ ಓವರಿಗೆ ಮೊದಲು ಕಾಕಾ ಟೋಪಿ ತೆಗೆದು ನನ್ನ ಕೈಗೆ ಕೊಟ್ಟರು. ಓಟ ಈಗ ಗಿಡ್ಡವಾಗಿತ್ತು. ಕೊನೆಯ ಚೆಂಡು ಬ್ಯಾಟುಗಾರನ ಪ್ಯಾಡಿಗೆ ಬಡಿಯಿತು. ಕಾಕಾ ಎರಡೂ ಕೈ ಎತ್ತಿ ನನ್ನತ್ತ ತಿರುಗಿ ಕೂಗಿದರು. ಬಯಲೆಲ್ಲ ಕೂಗಿತು. ನನ್ನ ಬೆರಳು ಏಳಲು ತವಕಿಸುತ್ತಿತ್ತು. ಆದರೆ ಚೆಂಡು ಲೆಗ್ ಸ್ಟಂಪಿನ ಹೊರಗೆ ಹೋಗುತ್ತಿತ್ತು, ನಾನು ನೋಡಿದ್ದೆ. ಔಟಲ್ಲವೆಂದು ತಲೆಯಾಡಿಸಿದೆ.

ಕಾಕಾ ಕೈ ಇಳಿಸಿ ಹತ್ತಿರ ಬಂದರು.

"ಹೊರಗ ಹೊಂಟಿತ್ತೇನವಾ?"

"ಹೌದ್ರಿ ಕಾಕಾ. ಹೊರಗ ಹೊಂಟಿತ್ತು."

ಕಾಕಾ ಟೋಪಿಗೆ ಕೈ ಚಾಚಿದರು. "ಬರೋಬ್ಬರಿ ಅದ" ಎಂದು ಟೋಪಿ ಇಸಿದುಕೊಂಡು ಬೌಂಡರಿಯ ಕಡೆ ಕುಂಟುತ್ತ ಹೋದರು.

ಮುಂದಿನ ಓವರಿಗೆ ನಾನು ಸ್ಕ್ವೇರ್ ಲೆಗ್ಗಿಗೆ ಬಂದೆ. ಅಲ್ಲಿಂದ ಅವರು ಚೆನ್ನಾಗಿ ಕಾಣುತ್ತಿದ್ದರು: ಎರಡೂ ಕೈ ಮೊಣಕಾಲಿನ ಮೇಲಿಟ್ಟು, ಮುಂದಕ್ಕೆ ಬಾಗಿ, ಚೆಂಡು ತಮ್ಮ ಕಡೆಗೇ ಬರುತ್ತದೆಂದು ಕಾಯುತ್ತ.