ದಿಟ್ಟತನ, ದುಡುಕು

ಚೇಳೂರಿನ ಆಶಾರಾಣಿ ಗುಬ್ಬಿ ಹೊರವಲಯದ ತೆಂಗಿನ ಪುಡಿ ಕಾರ್ಖಾನೆಗೆ ಸೇರಿದ್ದು ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸಕ್ಕೆ. ಹನ್ನೊಂದು ವರ್ಷದಲ್ಲಿ ಶಿಫ್ಟ್ ಸೂಪರ್‌ವೈಸರ್ ಆದಳು.

ಕಳೆದ ಆಷಾಢದಲ್ಲಿ ಒಣಗಿಸುವ ಯಂತ್ರದಿಂದ ಸುಟ್ಟ ವಾಸನೆ ಬಂದಾಗ ಯಾರನ್ನೂ ಕೇಳದೆ ಅದನ್ನು ನಿಲ್ಲಿಸಿದ್ದಳು. ಒಳಗೆ ಬೇರಿಂಗ್ ಕಾದು ಕೆಂಪಾಗಿತ್ತು. ದೀಪಾವಳಿ ಹೊತ್ತಿಗೆ ಇನ್ನೊಂದು ಶಿಫ್ಟಿನ ಸೂಪರ್‌ವೈಸರ್ ಮುತ್ತುರಾಜನೂ ಹಾಗೇ ಮಾಡಿದ. ಎರಡು ಸಲವೂ ಬೆಂಕಿ ತಪ್ಪಿತು.

ಮಾರ್ಚ್‌ನಲ್ಲಿ ಮ್ಯಾನೇಜರ್ ನರಸಿಂಹಯ್ಯ ಎಲ್ಲರ ಕೆಲಸದ ಮೌಲ್ಯಮಾಪನ ಬರೆದು, ಓದಿ ಸಹಿ ಹಾಕಲು ಕೊಟ್ಟರು. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ಇಬ್ಬರೂ ಫಾರಂ ಅದಲುಬದಲು ಮಾಡಿಕೊಂಡರು. ಮುತ್ತುರಾಜನದರಲ್ಲಿ 'ದಿಟ್ಟ ನಿರ್ಧಾರ ತೆಗೆದುಕೊಳ್ಳುತ್ತಾರೆ' ಎಂದಿತ್ತು. ಆಶಾರಾಣಿಯದರಲ್ಲಿ 'ದುಡುಕು ಸ್ವಭಾವ, ಮೇಲಿನವರನ್ನು ಕೇಳುವುದಿಲ್ಲ.'

ಆಶಾರಾಣಿಗೆ ಮೊದಲು ಮುಖ ಬಿಸಿಯಾಯಿತು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವಳಿಗೆ ನಗು ತಡೆಯಲಾಗಲಿಲ್ಲ. ಮುತ್ತುರಾಜ ನಗಲಿಲ್ಲ.

"ಅಕ್ಕ, ನಾನು ಮಿಷನ್ ನಿಲ್ಸಿದ್ದೇ ನಿಮ್ಮನ್ನ ನೋಡ್ಕಂಡು. ಇದು ಸರಿಯಿಲ್ಲ, ನಡೀರಿ."

ನರಸಿಂಹಯ್ಯನವರ ಮೇಜಿನ ಮೇಲೆ ಆಶಾರಾಣಿ ಎರಡೂ ಫಾರಂ ಇಟ್ಟಳು.

"ಸೈನ್ ಹಾಕ್ತೀನಿ ಸಾರ್. ಅದಕ್ಕೂ ಮುಂಚೆ ಇವೆರಡನ್ನೂ ಒಂದ್ಸಲ ಜೋರಾಗಿ ಓದ್ಬುಡಿ."

ಅವರು ಓದತೊಡಗಿದರು. ಎರಡನೆಯದರ ಅರ್ಧಕ್ಕೆ ಬಂದಾಗ ದನಿ ಇಳಿಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನೇ ಬರ್ದಿದೀನಲ್ಲಮ್ಮ. ಬರೀವಾಗ ಗೊತ್ತೇ ಆಗ್ಲಿಲ್ಲ ನೋಡು."

"ನನ್ನೊಬ್ಬಳದ್ದೇ ಅಲ್ಲ ಸಾರ್. ಹೊಂಬಾಳಮ್ಮಂದೂ ನೋಡಿ. ಪ್ಯಾಕಿಂಗಲ್ಲಿ ತಪ್ಪು ಕಂಡ್ರೆ ಹೇಳ್ತಾಳೆ, ಅದಕ್ಕೆ 'ಮಾತು ಜಾಸ್ತಿ' ಅಂತ ಬರ್ದಿದೀರ."

ನರಸಿಂಹಯ್ಯ ಒಳ್ಳೆಯ ಮನುಷ್ಯ. ತಪ್ಪು ಗೊತ್ತಾದ ಮೇಲೆ ಹಟ ಹಿಡಿಯಲಿಲ್ಲ. ಆಫೀಸಿನ ಶ್ರುತಿಯಿಂದ ಪ್ರತಿಯೊಬ್ಬರೂ ವರ್ಷವಿಡೀ ಮಾಡಿದ ಕೆಲಸದ ಪಟ್ಟಿ ತಯಾರು ಮಾಡಿಸಿದರು. ಹೆಸರಿನ ಜಾಗದಲ್ಲಿ ಬರೀ ನಂಬರ್. ಎರಡು ದಿನ ಕೂತು ಹೊಸದಾಗಿ ಅಂಕ ಕೊಟ್ಟರು.

ಕೊನೆಗೆ ನಂಬರುಗಳ ಎದುರು ಹೆಸರು ಓದುವಾಗ ಎಲ್ಲರೂ ಆಫೀಸಿನ ಬಾಗಿಲಲ್ಲಿ ನೆರೆದಿದ್ದರು. ಮೊದಲು ಬಂದಿದ್ದು ಆಶಾರಾಣಿ, ಎರಡನೆಯವಳು ಹೊಂಬಾಳಮ್ಮ, ಮೂರನೆಯವನು ಮುತ್ತುರಾಜ.

"ಮೂರನೇದಕ್ಕೂ ಸ್ವೀಟ್ ಕೊಡಿಸ್ಬೇಕೇನ್ಲಾ?" ಎಂದು ಯಾರೋ ಮುತ್ತುರಾಜನನ್ನು ರೇಗಿಸಿದರು. ಅವನೇ ಗುಬ್ಬಿ ಪೇಟೆಗೆ ಓಡಿ ಎರಡು ಕೆಜಿ ಮೈಸೂರ್ ಪಾಕ್ ತಂದ.

ಜೂನ್‌ನಲ್ಲಿ ಕುಣಿಗಲ್‌ನಲ್ಲಿ ಕಾರ್ಖಾನೆಯ ಹೊಸ ಘಟಕ ಶುರುವಾಯಿತು. ಅದರ ಉಸ್ತುವಾರಿ ಆಶಾರಾಣಿಯದು. ಮೊದಲ ದಿನ ಹುಲಿಯೂರುದುರ್ಗದ ಕಡೆಯಿಂದ ಕೆಲಸಕ್ಕೆ ಬಂದಿದ್ದ ಹೆಂಗಸರು ಗೇಟಿನ ಹೊರಗೇ ಹಿಂಜರಿದು ನಿಂತಿದ್ದರು. ಅವಳು ತಾನೇ ಹೋಗಿ ಕರೆದಳು.

"ಬನ್ನಿ ಒಳಕ್ಕೆ. ಇಲ್ಲಿ ಏನಾದ್ರೂ ಸರಿಯಿಲ್ಲ ಅನ್ನಿಸ್ತಾ, ಜೋರಾಗೇ ಹೇಳಿ."