ಭಾವ ಅರ ಹಾಕಿದ ಹಿಮ್ಮಡಿ

ನಮ್ಮ ಭಾವನ ಕೈ ಸುಮ್ಮನಿರುವುದಲ್ಲ. ಬೂಟು ಹೊಲಿಯುವವರು; ಮರದ ಪಾದದಚ್ಚನ್ನು ಗಿರಾಕಿಯ ಕಾಲಿಗೆ ತಕ್ಕಂತೆ ಅರದಿಂದ ಉಜ್ಜಿ ಉಜ್ಜಿ ತಿದ್ದಿ, ಅದರ ಮೇಲೆ ಚರ್ಮ ಎಳೆಯುವವರು. ಮನೆಗೆ ಬಂದ ನೆಂಟರ ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾನು ಛೇಡಿಸಿದರೆ, "ನಿನ್ ಎಡಗಾಲು ಸ್ವಲ್ಪ ದೊಡ್ಡದು, ಬಾಯಿ ಇನ್ನೂ ದೊಡ್ಡದು" ಎನ್ನುತ್ತಾರೆ.

ಅಂಥವರ ಹೆಂಡತಿಗೆ, ಅಂದರೆ ನನ್ನ ಅಕ್ಕನಿಗೆ, ಬಲ ಹಿಮ್ಮಡಿಯ ಮೂಳೆಯಲ್ಲೇ ಗೆಡ್ಡೆ ಬೆಳೆಯಿತು. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಕಾಲು ತೆಗೆಯಬೇಕು ಎಂದರು. ಇನ್ನೊಂದು ಕಡೆ ಡಾಕ್ಟರಮ್ಮ ಬೇರೆ ದಾರಿ ಹೇಳಿದರು: ಚೆನ್ನಾಗಿರುವ ಎಡಗಾಲನ್ನು ಸ್ಕ್ಯಾನ್ ಮಾಡಿ, ಕನ್ನಡಿಯಲ್ಲಿ ಕಂಡಂತೆ ಅದನ್ನು ಕಂಪ್ಯೂಟರಿನಲ್ಲಿ ತಿರುಗಿಸಿ, ತ್ರೀಡಿ ಪ್ರಿಂಟರಿನಲ್ಲಿ ಪದರ ಪದರವಾಗಿ ಟೈಟಾನಿಯಂ ಹಿಮ್ಮಡಿ ಮಾಡಿಸಿ ಕೂರಿಸಬಹುದು. ಕೂತರೆ ಕಾಲು ಉಳಿಯುತ್ತದೆ. ಇಲ್ಲದಿದ್ದರೆ ಮೊದಲಿನವರ ಮಾತೇ ಗತಿ. ಪ್ಲಾಸ್ಟಿಕ್ಕಿನಲ್ಲಿ ಒಂದು ಮಾದರಿ ಮಾಡಿಸಿ ಭಾವನ ಕೈಗೆ ಕೊಟ್ಟು, "ಮನೇಲಿ ಎಲ್ಲರಿಗೂ ತೋರಿಸಿ ಧೈರ್ಯ ಹೇಳಿ. ನಾಳೆ ವಾಪಸ್ ತನ್ನಿ, ಆಪರೇಷನ್ನಿಗೆ ಮುಂಚೆ ಇದರ ಮೇಲೆ ಅಭ್ಯಾಸ ಮಾಡ್ಬೇಕು" ಎಂದರು.

ಭಾವ ತೋರಿಸಿದರು, ನಿಜ. ಆಮೇಲೆ ಅದನ್ನು ಅಂಗಡಿಗೆ ಒಯ್ದು ಕೂತರು. ಹಿಂಬದಿಯಲ್ಲೊಂದು ಉಬ್ಬು ಕಂಡಿತು. ಬೂಟು ಒತ್ತುತ್ತದಲ್ಲ ಎಂದು ಅರ ತೆಗೆದುಕೊಂಡು ನುಣ್ಣಗೆ ಸವರಿಬಿಟ್ಟರು!

ಮರುದಿನ ಡಾಕ್ಟರಮ್ಮ ಮಾದರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಲ್ಲಿದ್ದ ಉಬ್ಬೆಲ್ಲಿ? ಮೀನಖಂಡದಿಂದ ಇಳಿಯೋ ಸ್ನಾಯೂನ ಅದಕ್ಕೇ ಹೊಲೀಬೇಕಲ್ಲ?"

ಭಾವನ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾನೇ ಉಜ್ಜಿದ್ದು ಡಾಕ್ಟ್ರೇ. ಅವಳ ಕಾಲು ನಾನೇ ಕಳೆದ್ನಾ?"

ಆಕೆ ಜೋರಾಗಿ ನಕ್ಕರು. "ಕಂಪ್ಯೂಟರಲ್ಲಿ ಎಲ್ಲ ಹಾಗೇ ಇದೆ ಯಜಮಾನ್ರೇ. ಇನ್ನೊಂದು ಮಾಡಿದ್ರಾಯ್ತು. ಇದನ್ನ ನೀವೇ ಇಟ್ಕೊಂಡು ಬೇಕಾದಷ್ಟು ಉಜ್ಜಿ."

ಹೋದ ಜೀವ ಬಂದಂತಾಯಿತು ನಮಗೆ. ಅಷ್ಟೂ ದಿನ ಗಟ್ಟಿಯಾಗಿದ್ದ ಭಾವ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತರು.

ಆಪರೇಷನ್ ಆಯಿತು, ಗಾಯ ಮಾಗಿತು, ಕಾಲೂರುವ ದಿನ ಬಂತು. ಅಕ್ಕ ಮಂಚದಿಂದ ಕಾಲು ಇಳಿಬಿಟ್ಟಳು. ಭಾವ ನೆಲಕ್ಕೆ ಮಂಡಿಯೂರಿ, ಅವಳ ಹಿಮ್ಮಡಿಯ ಎರಡೂ ಬದಿಗೆ ಅಂಗೈ ಚಾಚಿ ಕೂತಿದ್ದರು.

"ರೀ, ಕೈ ತೆಗೀರಿ. ತುಳಿದುಬಿಟ್ಟೇನು."

ತೆಗೆದರು. ಅಕ್ಕ ಬಲಗಾಲೂರಿ ಪೂರ್ತಿ ಭಾರ ಹಾಕಿದಳು. ಮೆಲ್ಲಗೆ ಬಾಗಿಲ ತನಕ ನಡೆದಳು. ಉಸ್ಸಪ್ಪಾ ಎಂದೆ ನಾನು. ಭಾವ ಏಳಲು ಹೋದರು, ಆಗಲಿಲ್ಲ. ಅವರ ಕಾಲೇ ನಡುಗುತ್ತಿತ್ತು. ಕೊನೆಗೆ ಅಕ್ಕನೇ ನಡೆದು ಬಂದು, ತೋಳು ಹಿಡಿದು ಎಬ್ಬಿಸಿದಳು.